ಹತ್ತು ತಗೊಂಡೇನಿ, ಹತ್ತು ಕೊಟ್ಟೇನಿ

ರಟ್ಟೀಹಳ್ಳಿಯ ಮಹಾಲಿಂಗಪ್ಪ ಮಾಸ್ತರರಿಗೆ ಹಿಟ್ಟಿನ ಗಿರಣಿ ಹೊಟ್ಟೆಪಾಡು, ನಾಟಕದವರಿಗೆ ಕತ್ತಿಕಾಳಗ ಕಲಿಸುವುದು ಹುಚ್ಚು. ಎಪ್ಪತ್ತು ದಾಟಿದರೂ ಇಳಿಯದ ಹುಚ್ಚು. ಹಾನಗಲ್ಲಿನಲ್ಲಾಗಲಿ ಸವಣೂರಿನಲ್ಲಾಗಲಿ, ನಾಟಕದ ರಾಜ ಕತ್ತಿ ಹಿಡಿದನೆಂದರೆ ಹಿಡಿಯಲು ಕಲಿಸಿದವರು ಇವರೇ. ಗೋಣಿಚೀಲದಲ್ಲಿ ಮೊಂಡು ಕತ್ತಿಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರು, "ಇವತ್ತ ಯಾರ ಮ್ಯಾಲ ದಂಡೆತ್ತಿ ಹೊಂಟೀರಿ ಮಾಸ್ತರ್ರ?" ಎಂದು ಚೇಷ್ಟೆ ಮಾಡುವುದು ರೂಢಿ.

ಇವರ ಕೈಗೆ ಈ ವರ್ಷ ಸಿಕ್ಕವಳು ಹಿರೇಕೆರೂರಿನ ವಾಣಿಶ್ರೀ. ಬ್ಲೌಸ್ ಹೊಲಿದು ಮನೆ ನಡೆಸುವ ಹುಡುಗಿ. ನಾಟಕದಲ್ಲಿ ರಾಣಿಯ ಪಾತ್ರ ಸಿಕ್ಕಿತ್ತು. ಸೇನಾಪತಿಯ ಜೊತೆ ಕತ್ತಿ ಹಿಡಿದು ಕಾದಬೇಕು. ಮೊಂಡಾದರೂ ಕಬ್ಬಿಣ ಕಬ್ಬಿಣವೇ. ಬೆರಳು ಜಜ್ಜಿದರೆ ಮಷೀನು ನಿಂತೀತು, ಮಷೀನು ನಿಂತರೆ ಒಲೆ ಆರೀತು. ಹಾಗಾಗಿ ಹಳೆಯ ಚರ್ಮದ ಬ್ಯಾಗು ಕತ್ತರಿಸಿ ಒಂದು ಜೊತೆ ಕೈಗವಸು ಹೊಲಿದುಕೊಂಡು ಗಿರಣಿ ಅಂಗಳದ ತಾಲೀಮಿಗೆ ಹೋದಳು. ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಲಿಗಿ ಭಾಳ ಚೊಲೋ ಐತಿ" ಎಂದವರೇ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಬೆರಳಿಗಿ ಪೆಟ್ಟಾದ್ರ ನಾ ಏನ್ ಮಾಡ್ಲಿರಿ ಮಾಸ್ತರ್ರ?"

"ಗ್ಲೌಸ್ ಕಂಡ್ರ ಹೊಡಿಯಾಂವಗ ಧೈರ್ಯ ಬರ್ತೈತಿ. ಆ ಧೈರ್ಯ ನನಗ ಬ್ಯಾಡ. ಬರೇ ಕೈ ಕಂಡ್ರ ಅಂವ ಹೆದರಿ ಹೊಡಿತಾನ."

ಅವರದೊಂದು ಪದ್ಧತಿ ಇತ್ತು. ತಾಲೀಮಿಗೆ ಮುಂಚೆ ಕಾದುವ ಇಬ್ಬರೂ ಒಬ್ಬರ ಬೆರಳು ಒಬ್ಬರು ಎಣಿಸಿ "ಹತ್ತು ತಗೊಂಡೇನಿ" ಅನ್ನಬೇಕು. ಮುಗಿದ ಮೇಲೆ ಮತ್ತೆ ಎಣಿಸಿ "ಹತ್ತು ಕೊಟ್ಟೇನಿ" ಅನ್ನಬೇಕು. ಸೇನಾಪತಿಯ ಪಾತ್ರದ ಚನ್ನೇಶ ಮೊದಲ ದಿನ ನಾಚಿಕೊಂಡು ಏಳಕ್ಕೇ ಕೈಬಿಟ್ಟ. ಮಾಸ್ತರರು ಬಿಡಬೇಕಲ್ಲ! ಮತ್ತೆ ಒಂದರಿಂದ ಎಣಿಸಿದ.

ಇದೆಲ್ಲ ಮುದುಕರ ಗತ್ತು ಎಂದು ವಾಣಿಶ್ರೀಗೆ ಒಳಗೊಳಗೇ ಸಿಟ್ಟು. ಆದರೆ ಎರಡು ತಿಂಗಳಾದರೂ ಅವಳ ಒಂದು ಬೆರಳಿಗೂ ಗೀರು ಬೀಳಲಿಲ್ಲ, ಮಷೀನು ಒಂದು ದಿನವೂ ನಿಲ್ಲಲಿಲ್ಲ.

ನಾಟಕಕ್ಕೆ ಮೂರು ದಿನ ಇದೆ ಅನ್ನುವಾಗ ಚನ್ನೇಶ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಕಾಳಗದ ಪಟ್ಟು ಪೂರ್ತಿ ಬಲ್ಲವರು ಇನ್ನೊಬ್ಬರೇ. ಮಾಸ್ತರರು ಧೋತರದ ಕಚ್ಚೆ ಬಿಗಿದು ಅಂಗಳಕ್ಕೆ ಇಳಿದರು. ವಾಣಿಶ್ರೀ ರೂಢಿಯಂತೆ ಕೈ ಚಾಚಿದಳು. ಅವರು ಹಿಡಿಯಲಿಲ್ಲ. ಚೀಲದಿಂದ ಆ ಕೈಗವಸು ತೆಗೆದು ಕೊಟ್ಟರು.

"ಹಾಕ್ಕೊ ತಂಗಿ."

"ನೀವ ಬ್ಯಾಡ ಅಂದಿದ್ರಿ!"

"ಅದು ಚನ್ನೇಶನ ಕೈ ನಂಬಿ ಅಂದ ಮಾತು. ನನ್ನ ಕೈ ನಡಗಾಕ ಹತ್ತಿ ವರ್ಷಾತು. ಹತ್ತು ತಗೊಂಡು ಹತ್ತೂ ಕೊಡ್ತೇನಿ ಅಂತ ಯಾವ ಬಾಯಿಲೆ ಹೇಳ್ಲಿ?"

ಚಹಾದ ಕಪ್ಪನ್ನು ಅವರು ಎರಡೂ ಕೈಯಲ್ಲಿ ಹಿಡಿಯುವುದನ್ನು ಅವಳು ದಿನಾ ನೋಡಿದ್ದಳು, ಚಳಿಗೆ ಅಂದುಕೊಂಡಿದ್ದಳು. ನಲವತ್ತು ವರ್ಷ ಯಾರಿಗೂ ಸಡಿಲಿಸದ ಮಾತನ್ನು ಈ ದೊಡ್ಡ ಜೀವ ತಂಡದವರೆಲ್ಲರ ಎದುರು, ಒಬ್ಬ ದರ್ಜಿ ಹುಡುಗಿಯ ಬೆರಳಿಗೋಸ್ಕರ ಕೆಳಗಿಟ್ಟಿತ್ತು. ಅವಳು ಕೈಗವಸು ಹಾಕಿಕೊಂಡಳು.

ಮಾಸ್ತರರು ಬರಿಗೈಯಲ್ಲೇ ಕತ್ತಿ ಎತ್ತಿದರು.

"ನಿಮಗ ಗ್ಲೌಸ್ ಬ್ಯಾಡೇನ್ರಿ?"

"ನಿನ್ನ ಕೈ ನಡಗಂಗಿಲ್ಲಲ್ಲ."

ವಾಣಿಶ್ರೀ ಕತ್ತಿ ಕೆಳಗಿಟ್ಟು, ಕೈಗವಸು ಕಳಚಿ, ಹಿಟ್ಟು ಮೆತ್ತಿದ ಆ ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. "ಹತ್ತು ತಗೊಂಡೇನ್ರಿ" ಎಂದವಳೇ ಮತ್ತೆ ಕೈಗವಸು ಹಾಕಿಕೊಂಡು ಕತ್ತಿ ಎತ್ತಿದಳು. ಅಷ್ಟು ಹೆದರಿ ಅವಳು ಯಾವತ್ತೂ ಕತ್ತಿ ಬೀಸಿರಲಿಲ್ಲ, ಅಷ್ಟು ಚೆನ್ನಾಗಿಯೂ ಬೀಸಿರಲಿಲ್ಲ.

ಕಾಳಗ ಮುಗಿದಾಗ ಅವಳ ಕೈಗವಸಿನ ಮೇಲೆ ಎರಡು ಗೀರುಗಳಿದ್ದವು. ಮಾಸ್ತರರ ಕೈ ಮೇಲೆ ಒಂದೂ ಇರಲಿಲ್ಲ.

"ಹತ್ತು ಕೊಟ್ಟೇನ್ರಿ ಮಾಸ್ತರ್ರ" ಎಂದಳು ವಾಣಿಶ್ರೀ, ಕೈ ಮಾತ್ರ ಬಿಡಲಿಲ್ಲ.