ಬಚ್ಚಲಿನ ಅಲ್ಯೂಮಿನಿಯಂ ಕುರ್ಚಿ

ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತ ಮೇಲೆ ಅಪ್ಪ ಕೇಳಿದ್ದು ಒಂದೇ: ಸ್ನಾನ ತಾನೊಬ್ಬನೇ ಮಾಡಬೇಕು, ಬಾಗಿಲು ಹಾಕಿಕೊಂಡು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಅಮ್ಮ ನೀರು ಹಾಕುವಾಗ ಅವರು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರಂತೆ. ಅಮ್ಮ ಇದನ್ನು ಹೇಳಿದ್ದು ಅಡುಗೆಮನೆಯಲ್ಲಿ, ನನ್ನ ಕಡೆ ನೋಡದೆ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪೀಠೋಪಕರಣಗಳ ವಿನ್ಯಾಸ ಮಾಡುತ್ತೇನೆ. ಅಲ್ಲಿ ಎಲ್ಲವೂ ಅಲ್ಯೂಮಿನಿಯಂ. ಅಪ್ಪನಿಗೂ ಅದರಲ್ಲೇ ಒಂದು ಕುರ್ಚಿ ಮಾಡಿಸಿದೆ. ಉಕ್ಕಿನ ಒಂದು ಸ್ಕ್ರೂ ಕೂಡ ಇಲ್ಲ, ಪೂರ್ತಿ ವೆಲ್ಡಿಂಗ್. ಸದಾ ಒದ್ದೆಯಾಗುವ ಕಡೆ ಎರಡು ಲೋಹ ಸೇರಿದರೆ ಅಲ್ಯೂಮಿನಿಯಂ ಬೇಗ ಕೆಡುತ್ತದೆ. ಊರಿಕೊಂಡು ಏಳಲೆಂದು ಬಲಗಡೆಯ ಹಿಡಿಯನ್ನು ಮುಂದಕ್ಕೆ ಚಾಚಿದ್ದೆ. ಬಣ್ಣ ಬೇಡವೆಂದದ್ದು ಅಪ್ಪ. ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮೆಷೀನು ನಡೆಸಿದವರು, ಅವರಿಗೆ ಲೋಹ ಕಣ್ಣಿಗೆ ಕಾಣಬೇಕು.

ದಾಸರಹಳ್ಳಿಯ ಮನೆಗೆ ಅದನ್ನು ಆಟೋದಲ್ಲಿ ತಂದೆ. ಅಪ್ಪ ಕೂತರು, ಎದ್ದರು, ಮತ್ತೆ ಕೂತರು.

"ವಿಮಾನದ ಸೀಟು ಕಣಮ್ಮ ಇದು. ಬೆಲ್ಟ್ ಎಲ್ಲಿ?" ಎಂದು ನನ್ನನ್ನು ಕೇಳಿದರು.

"ಬೆಲ್ಟ್ ಬೇರೆ ಬೇಕಂತೆ! ಮೊದ್ಲು ಸೋಪು ಬೀಳಿಸ್ದೆ ಸ್ನಾನ ಮಾಡ್ಕೊಳ್ಳಿ," ಎಂದರು ಅಮ್ಮ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ಅವರು ಬಚ್ಚಲ ಹೊರಗೆ ನೆಲದ ಮೇಲೇ ಕೂತುಬಿಟ್ಟರು.

ಸ್ನಾನವಾದ ಮೇಲೆ ಒಣಬಟ್ಟೆಯಲ್ಲಿ ಕುರ್ಚಿ ಒರೆಸುವುದು ಅಪ್ಪನ ಕೆಲಸವಾಯಿತು. ಆದರೂ ಬೋರ್‌ವೆಲ್ ನೀರಿನ ಬಿಳಿ ಕಲೆ ಕೂತೇ ಕೂತಿತು. ಅಮ್ಮನಿಗೆ ಅದನ್ನು ಕಂಡರೆ ಆಗದು.

"ಆಸಿಡ್ ಮಾತ್ರ ಹಾಕ್ಬೇಡಮ್ಮ," ಎಂದೆ.

"ಇಷ್ಟು ನಾಜೂಕಾದ್ರೆ ಬಚ್ಚಲಲ್ಲಿ ಯಾಕಿಡ್ತೀಯ? ಶೋಕೇಸಲ್ಲಿಡು."

ಆಯುಧಪೂಜೆ ಹತ್ತಿರ ಬಂದಾಗ ಅಪ್ಪ, "ಈ ಸಲ ನನ್ನ ಮೆಷೀನು ಇದೇ. ಇದಕ್ಕೇ ಪೂಜೆ," ಎಂದರು. ಹಬ್ಬದ ಹಿಂದಿನ ದಿನ ಮೆಷೀನು ಫಳಫಳ ಹೊಳೆಯಬೇಕೆಂದು ಅಮ್ಮ ಅವರ ಬಾಯಲ್ಲೇ ಎಷ್ಟೋ ವರ್ಷ ಕೇಳಿದ್ದರು. ಟೈಲ್ಸ್ ತೊಳೆಯುವ ಆಸಿಡ್ ಸುರಿದರು. ಅದು ನೊರೆಯೆದ್ದಾಗ ಕೊಳೆ ಬಿಡುತ್ತಿದೆ ಎಂದುಕೊಂಡು ಇನ್ನಷ್ಟು ಸುರಿದು ಉಜ್ಜಿದರು. ನಾನು ಬರುವಷ್ಟರಲ್ಲಿ ಕೂರುವ ಜಾಗವೆಲ್ಲ ಕಪ್ಪಗಾಗಿ ಕಜ್ಜಿ ಹಿಡಿದಂತಿತ್ತು.

"ಹೊಳೀಲಿ ಅಂತ ಮಾಡ್ದೆ ಕಣೇ," ಎಂದರು ಅಮ್ಮ.

ಕಪ್ಪು ಕುರ್ಚಿಗೇ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂ ಮುಡಿಸಿ ಪೂಜೆ ನಡೆಯಿತು. ಉಜ್ಜಿ ನುಣುಪು ಮಾಡುವವರೆಗೆ ಕೂರಬೇಡಿ ಎಂದು ಅಪ್ಪನಿಗೆ ಹೇಳಿ, ಹಬ್ಬದ ರಜೆ ಮುಗಿದ ಕೂಡಲೇ ನಾನು ಕೆಲಸಕ್ಕೆ ಹೋದೆ. "ಕಪ್ಪಾದ್ರೇನು, ಕೂರೋಕೆ ತಾನೆ," ಎಂದು ಅಪ್ಪ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಆಸಿಡ್ ತಿಂದು ಹರಿತವಾದ ಅಂಚು ಸ್ಪರ್ಶವೇ ಇಲ್ಲದ ಎಡತೊಡೆಯನ್ನು ಕೊರೆದದ್ದು ಅವರಿಗೆ ತಿಳಿಯಲೇ ಇಲ್ಲ. ಪಂಚೆಯ ಮೇಲೆ ರಕ್ತ ಕಂಡದ್ದು ಅಮ್ಮನಿಗೆ.

ಸಕ್ಕರೆ ಕಾಯಿಲೆಯ ಮೈ. ಗಾಯ ಕೀವಾಯಿತು, ಆಸ್ಪತ್ರೆ, ಮಂಚ. ಅದು ಮಾಯುವುದರೊಳಗೆ ಮಲಗಿದಲ್ಲೇ ಬಲಗಾಲೂ ಸೊರಗಿತ್ತು.

ಕುರ್ಚಿಯನ್ನು ಕಾರ್ಖಾನೆಗೆ ಒಯ್ದು, ಕೆನ್ನೆ ತಾಗಿಸಿದರೂ ಚುಚ್ಚದಷ್ಟು ಉಜ್ಜಿ ತಂದೆ. ಅಪ್ಪ ಹಿಡಿಯನ್ನು ಊರಿ ಏಳಲು ನೋಡಿದರು. ಇನ್ನೊಮ್ಮೆ ಊರಿ ನೋಡಿದರು, ಏಳಲಾಗಲಿಲ್ಲ. "ಮೆಷೀನು ಸರಿಯಾಗೇ ಇದೆ ಕಣಮ್ಮ," ಎಂದರು.

ಅಮ್ಮ ಚೊಂಬು ಹಿಡಿದು ಒಳಗೆ ಹೋದರು. ನಾನು ಹೊರಗಿನಿಂದ ಬಾಗಿಲು ಎಳೆದುಕೊಳ್ಳುವಾಗ, ನೀರು ಇನ್ನೂ ಮೈಮೇಲೆ ಬಿದ್ದಿರಲಿಲ್ಲ, ಅಪ್ಪ ಆಗಲೇ ಕಣ್ಣು ಮುಚ್ಚಿದ್ದರು.