ನೆಲ ಮುಟ್ಟದ ಮಾಲು

ಹೊಸ ರಟ್ಟಿನ ಡಬ್ಬಿಯ ವಾಸನೆ ನಿಮಗೆ ಹೇಗನಿಸುತ್ತದೋ ಗೊತ್ತಿಲ್ಲ. ನಾನು ಕಸ ಹೊಡೆಯುವ ಡೊಂಬಿವಲಿಯ ಸೊಸೈಟಿಯಲ್ಲಿ ಅಂಥ ಡಬ್ಬಿ ಬಂದರೆ ಮಕ್ಕಳು ಕುಣಿಯುತ್ತವೆ. ನಾನು ಮೊದಲು ಅದನ್ನು ಹೊತ್ತವನ ಬೆನ್ನು ನೋಡುತ್ತೇನೆ. ಮೊನ್ನೆ ಬೆಳಿಗ್ಗೆ ಗೇಟಿನ ಹತ್ತಿರ ಒಂದು ಟೆಂಪೋ ನಿಂತಿತು. ಡ್ರೈವರ್ ಹಿಂದಿನ ಬಾಗಿಲು ತೆಗೆದು, ವಾಷಿಂಗ್ ಮಶೀನಿನ ಡಬ್ಬಿಗೆ ಬೆನ್ನು ಕೊಟ್ಟು, “ಯಪ್ಪಾ” ಎಂದು ಅರ್ಧ ಕೂತ. ನಮ್ಮ ಕಡೆಯವನೇ. ಹಾಗೆ ಬೆನ್ನು ಕೊಡುವುದನ್ನು ನಾನು ಬಲ್ಲೆ.

ನಮ್ಮ ಮನೆಯವರು, ನನ್ನ ಗಂಡ, ವಿಜಯಪುರದ ಕಡೆಯಿಂದ ಬಂದು ಕಲ್ಯಾಣದ ಧಾನ್ಯದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಅವರ ಗ್ಯಾಂಗಿಗೆ ಒಂದು ಕಟ್ಟು ಇತ್ತು. ಲಾರಿಯಿಂದ ಎತ್ತಿದ ಮಾಲು ಅಂಗಡಿಯೊಳಗೆ ಇಳಿಸುವ ತನಕ ನೆಲ ಮುಟ್ಟಬಾರದು. ಅದಕ್ಕೆ ಕಾರಣ ದೇವರಲ್ಲ, ಕೆಸರು. ಮಳೆಗಾಲದಲ್ಲಿ ಪೇಟೆಯೆಲ್ಲ ರಾಡಿ. ಚೀಲ ಕೆಳಗಿಟ್ಟರೆ ಜೋಳ ತೋಯುತ್ತದೆ, ಸೇಠ್ ಬೈಯುತ್ತಾನೆ. ಕೆಸರಿಗೆಂದು ಮಾಡಿದ ಕಟ್ಟು ಬೇಸಿಗೆಯಲ್ಲೂ ಉಳಿಯಿತು. ನಡುವೆ ಇಳಿಸಿದವನನ್ನು “ಏನಪಾ, ಬಾಣಂತಿ ಆಗೀಯೇನ?” ಎಂದು ಚಹಾದಂಗಡಿಯ ತನಕ ಕಾಡುತ್ತಿದ್ದರು. ಕಾಡುವವರ ಬೆನ್ನೂ ಅಷ್ಟೇ ನೋಯುತ್ತಿತ್ತು. ಹೇಳುವವರು ಯಾರು?

ಆಮೇಲೆ ಇವರು ಗಾಡಿ ಕಲಿತು ಪಾರ್ಸೆಲ್ ಟೆಂಪೋ ಹಿಡಿದರು. ಮಾಲಕ ಎರಡು ಗಾಲಿಯ ಒಂದು ಟ್ರಾಲಿ ಕೊಟ್ಟಿದ್ದ. ನಿಂತ ಕಬ್ಬಿಣದ ಚೌಕಟ್ಟು, ಕೆಳಗೆ ನಾಲಿಗೆಯಂಥ ತಗಡು. ತಗಡನ್ನು ಡಬ್ಬಿಯ ಬುಡಕ್ಕೆ ತೂರಿಸಿ ಹಿಂದಕ್ಕೆ ವಾಲಿಸಿದರೆ ಎಂಥ ಭಾರವೂ ಹಿಂದೆ ಬರುತ್ತದೆ. ಅದರ ಮೇಲೆ ಇವರು ಏನು ಒಯ್ಯುತ್ತಿದ್ದರು ಗೊತ್ತೇ? ಚಪ್ಪಲಿಯ ಡಬ್ಬಿ, ಬಟ್ಟೆಯ ಗಂಟು! ಭಾರದ್ದೆಲ್ಲ ಬೆನ್ನಿಗೆ. ತಲೆಕೆಳಗಿನ ಬುದ್ಧಿ.

ಟ್ರಾಲಿಯ ನಿಜವಾದ ಉಪಯೋಗ ಮಾಡಿದವಳು ನಾನು. ಟಿಟ್ವಾಳಾದ ನಮ್ಮ ಸಾಲುಮನೆಯ ಚಾಳಿಗೆ ನೀರು ಬಾರದ ದಿನ ಅದರ ಮೇಲೆ ಡ್ರಮ್ಮು ತರುತ್ತಿದ್ದೆ. ಅಕ್ಕಪಕ್ಕದ ಹೆಂಗಸರು ಕೇಳಿ ಒಯ್ಯುತ್ತಿದ್ದರು. ಕೊಡುವಾಗ ಮೋಟಾರು ಕೊಟ್ಟಂಥ ಜಂಬ ನನಗೆ.

“ನಿನಗ ಛಲೋ ಗಾಡಿ ಆತು ನೋಡು,” ಅನ್ನುತ್ತಿದ್ದರು ನಮ್ಮ ಮನೆಯವರು.

“ನಿಮಗೂ ಅದೇ ಗಾಡಿ. ಭಾರ ಇದ್ದಾಗ ತಗೀರಿ.”

“ಮಂದಿ ಮಾಲು ಐತಿ. ನೆಲದ ಮ್ಯಾಲ ಉಳ್ಳಿಸ್ಕೊಂತ ಒಯ್ಯೂದೇನ?”

“ಡಬ್ಬಿ ಎಲ್ಲಿ ಉಳ್ಳತೈತಿ? ಗಾಲಿ ಉಳ್ಳತಾವ.”

ಮಾತು ಇಲ್ಲಿಗೆ ಬಂದಾಗಲೆಲ್ಲ ಅವರು ಟವೆಲು ತೆಗೆದುಕೊಂಡು ಸ್ನಾನಕ್ಕೆ ಹೋಗುತ್ತಿದ್ದರು. ಹೀಗಾಗಿ ನಮ್ಮ ಮನೆಯವರು ಬಹಳ ಸ್ವಚ್ಛವಾಗಿದ್ದರು.

ಒಂದು ಬೆಳಿಗ್ಗೆ ಅವರ ಸೊಂಟ ಹಿಡಿದುಕೊಂಡಿತು. ಚಪ್ಪಲಿ ನಾನೇ ಹಾಕಿದೆ. “ಇವತ್ತ ಟ್ರಾಲಿ ತಗೀತೀನಿ” ಎಂದು ಅವರಾಗಿಯೇ ಹೇಳಿ ಹೋದರು. ಮುಂದಿನದನ್ನು ಆಸ್ಪತ್ರೆಯಲ್ಲಿ ಅವರ ಬಾಯಿಂದಲೇ ಕೇಳಿದೆ. ಕಲ್ಯಾಣದ ಒಂದು ಬಿಲ್ಡಿಂಗಿಗೆ ಫ್ರಿಜ್ ಇತ್ತು. ಟ್ರಾಲಿಗೆ ಹಾಕಿ ಕೆಳಗಿನ ಬಾಗಿಲ ತನಕ ತಂದರಂತೆ. ಅಲ್ಲಿಯ ಮೇಡಮ್ ಅಡ್ಡ ನಿಂತಳು. “ಭೈಯಾ, ಟ್ರಾಲಿ ಅಂದರ್ ನಹೀ. ನಯಾ ಟೈಲ್ಸ್ ಹೈ, ದಾಗ್ ಪಡೇಗಾ.” ಹೊಸ ಟೈಲ್ಸು, ಗಾಲಿಯ ಕಲೆ ಬೀಳುತ್ತದೆ. ಬೇರೆಯವನಾಗಿದ್ದರೆ ಫ್ರಿಜ್ಜನ್ನು ಬಾಗಿಲಲ್ಲಿ ನಿಲ್ಲಿಸಿ ಮಾಲಕನಿಗೆ ಫೋನ್ ಮಾಡುತ್ತಿದ್ದ. ಇವರು ಅರ್ಧ ದಾರಿಯಲ್ಲಿ ಮಾಲು ಬಿಡುವವರೇ? ಬೆನ್ನಿಗೆ ಹಗ್ಗ ಬಿಗಿದುಕೊಂಡು ಮೆಟ್ಟಿಲು ಹತ್ತಿದರು. ಫ್ರಿಜ್ಜಿಗೆ ಒಂದು ಗೀರೂ ಬೀಳಲಿಲ್ಲ. ಇಳಿದು ಬರುವಾಗ ಎಡಗಾಲು ಎಲ್ಲಿದೆಯೆಂದೇ ತಿಳಿಯದೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಬೆನ್ನಿನ ಮಣಿ ಸರಿದು ನರ ಒತ್ತಿದೆ ಅಂದರು ಡಾಕ್ಟರು. ಆಪರೇಶನ್ ಆಯಿತು, ಕಾಲು ಬರಲಿಲ್ಲ. ಮನೆಯಲ್ಲಿ ನಾನು ಬಗಲಿಗೆ ಕೈ ಹಾಕಿ ಎತ್ತಿ ಕೂರಿಸುವಾಗ ಪ್ರತಿ ಸಲ “ನಿನ್ನ ಬೆನ್ನ ಜ್ವಾಕಿ” ಅನ್ನುತ್ತಿದ್ದರು. ಆ ಮಾತನ್ನು ತಮಗೆ ಹೇಳಿಕೊಂಡಿದ್ದರೆ ಆಗುತ್ತಿತ್ತು. ಹಾಸಿಗೆಯ ಹುಣ್ಣು ಆಗಿ, ಜ್ವರ ಏರಿ, ಹೋದರು. ಹಳೆಯ ಗ್ಯಾಂಗಿನವರೆಲ್ಲ ಬಂದಿದ್ದರು. ಮಸಣದ ತನಕ ಹೆಗಲು ಬದಲಿಸಿದರೇ ಹೊರತು ಒಮ್ಮೆಯೂ ಕೆಳಗಿಳಿಸಲಿಲ್ಲ. ದಾರಿಯ ಜನ ಕೈಮುಗಿದರು. ನನಗೆ ಸಿಟ್ಟು ಬಂತು.

ಮೊನ್ನೆ ಆ ಡ್ರೈವರನ ಎದುರು ಹೋಗಿ ನಿಂತೆ.

“ತಮ್ಮಾ, ಟ್ರಾಲಿ ಇಲ್ಲೇನ?”

“ಐತಿ ಆಯಿ. ಲಿಫ್ಟಿನ ತನಕ ಏನ ಮಹಾ, ನಾಕ ಹೆಜ್ಜಿ.”

“ಆ ನಾಕ ಹೆಜ್ಜಿಗೇ ಬೆನ್ನ ಹೋಗ್ತೈತಿ. ಎತ್ತಬೇಕಾದ್ರ ಉಸರ ಬಿಗಿ ಹಿಡದ್ಯೋ ಇಲ್ಲೋ? ಉಸರ ಹಿಡಿಯೂವಷ್ಟ ಭಾರ ಇತ್ತಂದ್ರ ಟ್ರಾಲಿ ತಗೀಬೇಕು.”

“ಟೈಲ್ಸ್ ಹೊಲಸ ಆಗ್ತಾವಂತ ವಾಚ್‌ಮನ್ ಬೈತಾನ.”

“ಒರಸಾಕಿ ನಾನು. ಅವನ ಗಂಟೇನ ಹೋಗ್ತೈತಿ?”

ನಗುತ್ತ ಟ್ರಾಲಿ ಇಳಿಸಿದ. ಲಿಫ್ಟಿನ ತನಕ ಗಾಲಿಗಳು ಎರಡು ಕಪ್ಪು ಗೆರೆ ಎಳೆದವು. ಈ ಸೊಸೈಟಿಯಲ್ಲಿ ಯಾರನ್ನೂ ಟ್ರಾಲಿ ಸಮೇತ ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಆ ಕಲೆಯನ್ನು ನಾನೆಂದೂ ಒರೆಸಿರಲಿಲ್ಲ. ಕಲ್ಲಿನೊಳಗೇ ಇಳಿಯುವಂಥದ್ದು ಇರಬೇಕು, ಇಲ್ಲದಿದ್ದರೆ ಆ ಮೇಡಮ್ ಯಾಕೆ ತಡೆಯುತ್ತಿದ್ದಳು ಎಂದುಕೊಂಡಿದ್ದೆ. ಹಸಿ ಅರಿವೆ ಹಿಂಡಿ ಒಂದು ಸಲ ಎಳೆದೆ.

ಹೋಯಿತು. ಸೋಪೂ ಬೇಕಾಗಲಿಲ್ಲ.

ಡ್ರೈವರ್ ಕೆಳಗೆ ಬಂದಾಗ ನಾನಿನ್ನೂ ಅದೇ ಜಾಗದ ಮೇಲೆ ಅರಿವೆ ಎಳೆಯುತ್ತ ಕುಕ್ಕರುಗಾಲಲ್ಲಿ ಕೂತಿದ್ದೆ.

“ಸ್ವಚ್ಛ ಆಗೇತಲ್ಲ ಆಯಿ,” ಅಂದ, “ಇನ್ನ ಏನ ಒರಸಾಕತ್ತಿ?”