ಯಾಕೂಬನ ನಾಲ್ಕು ಪಿಸ್ಟನ್

ವಿಲೆ ಪಾರ್ಲೆ ಸ್ಟೇಷನ್ನಿನ ಪೂರ್ವಕ್ಕೆ ದೂಜಣ್ಣನವರ ಗ್ಯಾರೇಜಿತ್ತು. ದೂಜಣ್ಣ ಉಡುಪಿ ಕಡೆಯವರು. ಬೋರ್ಡಿನ ಮೇಲಿನ ಹೆಸರು, ಗಿರಾಕಿಗಳ ಜೊತೆಗಿನ ಮಾತು, ಬಿಲ್ಲು ಎಲ್ಲ ಅವರದು. ಇಂಜಿನ್ ಬಿಚ್ಚುವ ಕೆಲಸ ಮಾತ್ರ ಯಾಕೂಬನದು. ಗದಗಿನ ಈ ಮನುಷ್ಯ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಲೋಹ ಕಡೆಯುವ ಲೇಥ್ ಮುಂದೆ ನಿಂತು ದುಡಿದು, ಆಮೇಲೆ ಪಾರ್ಲೆಗೆ ಬಂದಿದ್ದ. ಓದಿದ್ದು ಎರಡನೇ ಇಯತ್ತೆ. ಕೆಟ್ಟ ಇಂಜಿನ್ನಿನ ಮುಂದೆ ಕಣ್ಣು ಮುಚ್ಚಿ ನಿಂತು, ಎಲ್ಲಿ ಏನು ಸವೆದಿದೆ ಎಂದು ಹೇಳುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅವನು ಹೇಳಿದ್ದೇ ನಿಜವಾಗುತ್ತಿತ್ತು. ಹತ್ತನೆಯ ಸಲ ಅವನು ಎರಡು ದಿನ ಯಾರೊಡನೆಯೂ ಮಾತಾಡುತ್ತಿರಲಿಲ್ಲ.

೧೯೭೮ರ ಜನವರಿಯಲ್ಲಿ ಕೇಕಿ ಸೇಠ್ ತಮ್ಮ ಫಿಯಟ್ ತಂದು ನಿಲ್ಲಿಸಿದರು. ಊರಾಚೆಯ ಹಳೆಯ ರನ್‌ವೇ ಮೇಲೆ ವರ್ಷಕ್ಕೊಮ್ಮೆ ನಡೆಯುವ ರೇಸಿನಲ್ಲಿ ಓಡಿಸುವುದು ಆ ಪಾರ್ಸಿ ಸೇಠರ ಹುಚ್ಚು. ಈ ಸಲ ಕುರ್ಲಾದ ಗುಜರಿಯಿಂದ ಒಂದು ಟರ್ಬೊ ಹುಡುಕಿ ತಂದಿದ್ದರು. ಇಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೇ ತಿರುಗಿ, ಹೊರಗಿನ ಗಾಳಿಯನ್ನು ಇಂಜಿನ್ನಿನೊಳಕ್ಕೆ ತುರುಕುವ ಸಣ್ಣ ಪಂಖ ಅದು. ಅದರ ಜೊತೆಗೆ ಮರದ ಪೆಟ್ಟಿಗೆಯೊಂದರಲ್ಲಿ ಲಂಡನ್ನಿನಿಂದ ತರಿಸಿದ ಐದು ಪಿಸ್ಟನ್‌ಗಳಿದ್ದವು. ನಾಲ್ಕು ಇಂಜಿನ್ನಿಗೆ, ಒಂದು ಹೆಚ್ಚಿಗೆ. ಎಲ್ಲವೂ ಹೈ ಕಂಪ್ರೆಶನ್ನಿನವು, ಒಳಗಿನ ಗಾಳಿಯನ್ನು ಹೆಚ್ಚು ಒತ್ತುವಂಥವು. ತಲೆ ಗುಮ್ಮಟದಂತೆ ಎದ್ದಿತ್ತು.

"ಫಾರಿನ್ ಕಾ ಮಾಲ್ ಹೈ ಯಾಕೂಬ. ಟರ್ಬೊ ಭೀ, ಹೈ ಕಂಪ್ರೆಶನ್ ಭೀ. ಡಬಲ್ ಪವರ್," ಎಂದರು ಸೇಠ್. ಅವರ ಇಂಜಿನಿಯರ್ ಗೆಳೆಯನೊಬ್ಬ ಹಾಗೆಂದು ಹೇಳಿದ್ದನಂತೆ.

ಯಾಕೂಬ ಒಂದು ಪಿಸ್ಟನ್ ಕೈಗೆತ್ತಿಕೊಂಡ. ಉಗುರಿನಿಂದ ಬಡಿದು ಕಿವಿಗೆ ಹಿಡಿದ. ಮತ್ತೆ ಪೆಟ್ಟಿಗೆಯಲ್ಲಿಟ್ಟು, ದೂಜಣ್ಣನವರನ್ನು ಪಕ್ಕಕ್ಕೆ ಕರೆದ.

"ಅಣ್ಣಾರ, ಇವು ನಾ ಹಾಕಾಂಗಿಲ್ಲ."

"ಎಂತ ಮಾತು ಮಾರಾಯ ಇದು? ಹೋದ ವರ್ಷ ಇಂಥದ್ದೇ ಪಿಸ್ಟನ್ ನೀನೇ ಹಾಕಿದ್ದಲ್ವಾ?"

"ಹೋದ ವರ್ಷ ಟರ್ಬೊ ಇರಲಿಲ್ರಿ. ನಮ್ಮಪ್ಪ ಗದಗಿನ್ಯಾಗ ಅರಳಿ, ಅಂದ್ರ ಹತ್ತಿ, ಒತ್ತೋ ಪ್ರೆಸ್ಸಿನ್ಯಾಗ ದುಡೀತಿದ್ದ. ಒಂದ ಅಂಡಿಗಿಗೆ, ಅಂದ್ರ ಒಂದ ಮೂಟಿಗೆ, ಇಷ್ಟ ಅರಳಿ ಅಂತ ಅಳತಿ ಇರತದ. ಹೆಚ್ಚಿಗಿ ತುಂಬಿ, ಮ್ಯಾಲ ಹೆಚ್ಚಿಗಿ ಒತ್ತಿದ್ರ ಕಬ್ಬಿಣದ ಪಟ್ಟಿ ಕಡದು ಮಂದಿ ಮಾರಿಗೆ ಬಡೀತದ. ಟರ್ಬೊ ಮೊದಲ ಗಾಳಿ ತುಂಬತದ. ಮ್ಯಾಲ ಈ ಎತ್ತರದ ತಲಿ ಒತ್ತಿದ್ರ, ನಮ್ಮ ಪೆಟ್ರೋಲು ಕಿಡಿ ಹಾರೂಕಿಂತ ಮೊದಲ ಸಿಡೀತದ. ಪಿಸ್ಟನ್ ಉಳ್ಯಾಂಗಿಲ್ಲ."

"ಗಿರಾಕಿ ಹೋಗ್ತಾನೆ ನೋಡು."

"ಹೋಗ್ಲಿ. ನನ್ನ ಕೈಲೆ ಕಟ್ಟಿದ ಇಂಜಿನ್ ಒಡೀಬಾರದು."

ಸೇಠ್ ಸಿಟ್ಟಾಗಲಿಲ್ಲ, ನಕ್ಕರು. ಕಾರು ಬೇರೆ ಗ್ಯಾರೇಜಿಗೆ ಹೋಯಿತು. ದೂಜಣ್ಣ ನಾಲ್ಕು ದಿನ ಯಾಕೂಬನಿಗೆ ಚಹಾ ಕೂಡ ಹೇಳಲಿಲ್ಲ.

ಹದಿನೈದು ದಿನದ ಮೇಲೆ ಕಾರು ಹಗ್ಗಕ್ಕೆ ಕಟ್ಟಿಸಿಕೊಂಡು ವಾಪಸು ಬಂತು. ವಿಕ್ರೋಳಿಯ ಹೈವೇ ಮೇಲೆ ಜೋರಾಗಿ ಓಡಿಸಿ ನೋಡುವಾಗ ಇಂಜಿನ್ ಕಲ್ಲು ಕುಟ್ಟಿದಂತೆ ಸದ್ದು ಮಾಡಿ, ಹೊಗೆ ಉಗುಳಿ ನಿಂತಿತ್ತು. ಯಾಕೂಬ ಬಿಚ್ಚಿದ. ಮೂರನೆಯ ಪಿಸ್ಟನ್ನಿನ ತಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು. ಅವನು ಅದನ್ನು ಸೇಠರ ಕೈಗೆ ಕೊಟ್ಟ.

"ಬೋಲ್, ಅಬ್ ಕ್ಯಾ?" ಎಂದರು ಸೇಠ್. ರೇಸಿಗೆ ಹನ್ನೆರಡು ದಿನ ಉಳಿದಿತ್ತು.

ಊರಲ್ಲಿ ಸಿಗುವ ಸಾದಾ ಪಿಸ್ಟನ್ ಗಿಡ್ಡವೇನೋ ಹೌದು, ಆದರೆ ಟರ್ಬೊದ ಒತ್ತಡಕ್ಕೆ ತಾಳುವ ಲೋಹ ಅದರದಲ್ಲ. ಲಂಡನ್ನಿನದು ಬಡಿದು ಮಾಡಿದ ಗಟ್ಟಿ ಲೋಹ. ಯಾಕೂಬ ದೂಜಣ್ಣನವರಿಗೆ ಹೇಳಿದ: "ಇದರ ಮೈ ಛಲೋ ಐತ್ರಿ, ಎತ್ತರ ಬ್ಯಾಡಾಗೇತಿ. ತಲಿ ಇಳಸೂಣು."

ಉಳಿದದ್ದು ಸರಿಯಾಗಿ ನಾಲ್ಕು. ಲೇಥ್ ಮೇಲೆ ಒಂದು ಕೆಟ್ಟರೆ ಆ ವರ್ಷದ ರೇಸು ಮುಗಿದಂತೆ.

ಎಷ್ಟು ಇಳಿಸಬೇಕೆಂಬುದು ಲೆಕ್ಕದ ಮಾತು. ಯಾಕೂಬನ ಮನೆಯಲ್ಲಿ ಲೆಕ್ಕ ಬರುತ್ತಿದ್ದದ್ದು ಅವನ ಹೆಂಡತಿ ದೌಲತಬಿಗೆ. ಆಂಟಾಪ್ ಹಿಲ್ಲಿನ ಒಂದು ದವಾಖಾನೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದ ಆಕೆ ಏಳನೇ ಇಯತ್ತೆ ಪಾಸಾಗಿದ್ದಳು. ತವರಿನ ಹಳ್ಳಿಯಲ್ಲಿ ಇದ್ದದ್ದು ಎರಡೇ ಮುಸಲ್ಮಾನರ ಮನೆ, ಹಾಗಾಗಿ ಗಂಡನ ಜೊತೆಗೂ ಅವಳದು ಕನ್ನಡವೇ. ದವಾಖಾನೆಯವರು ಬಿಸಾಡಬೇಕೆಂದಿದ್ದ ಒಂದು ಗಾಜಿನ ಸಿರಿಂಜನ್ನು ಕೇಳಿ ತಂದಳು. ಭಾನುವಾರ ಗ್ಯಾರೇಜಿನಲ್ಲಿ ಯಾಕೂಬ ಪಿಸ್ಟನ್ನನ್ನು ಮೇಲಕ್ಕೇರಿಸಿ, ಮುಚ್ಚಳ ಬಿಗಿದು, ಪ್ಲಗ್ಗಿನ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಬಿಡುತ್ತ ಹೋದ. ತುಂಬುವವರೆಗೆ ಎಷ್ಟು ಹಿಡಿಯಿತೆಂದು ದೌಲತಬಿ ಸಿರಿಂಜಿನ ಮೇಲಿನ ಸೀಸಿ ಗೆರೆ ನೋಡಿ ಬರೆದುಕೊಂಡಳು.

"ಮೂವತ್ತೆರಡು ಸೀಸಿ ಹಿಡದೈತ್ರಿ," ಎಂದಳು. ಯಾಕೂಬ ಹೇಳಿದ ಸಿಲಿಂಡರಿನ ಅಳತೆ ಹಿಡಿದು ಸೀಸದ ಕಡ್ಡಿಯಿಂದ ಗುಣಿಸಿ ಭಾಗಿಸಿದಳು. "ಅಂದ್ರ ಒಂಬತ್ತೂವರಿ ಪಟ್ಟು ಒತ್ತತೈತಿ. ನಿಮಗ ಎಷ್ಟ ಬೇಕು?"

"ಏಳೂವರಿ."

ಮತ್ತೆ ಬರೆದಳು. "ಹಂಗಾದ್ರ ಇನ್ನ ಹತ್ತು ಸೀಸಿ ಜಾಗ ಬೇಕು. ಒಂದೊಂದರ ತಲಿಯಿಂದ ಹತ್ತು ಸೀಸಿ ಲೋಹ ತಗೀರಿ."

"ಇನ್ನೊಮ್ಮೆ ನೋಡು."

ಇನ್ನೊಮ್ಮೆ ನೋಡಿದಳು. ಹತ್ತೇ ಬಂತು.

ಮರುದಿನ ಬೆಳಿಗ್ಗೆ ಪಕ್ಕದ ವರ್ಕ್‌ಶಾಪಿನ ಲೇಥ್ ಮೇಲೆ ಮೊದಲ ಪಿಸ್ಟನ್ ಏರಿತು. ಬೆಳ್ಳಿಯಂಥ ಸುರುಳಿಗಳು ಉದುರತೊಡಗಿದವು. ಕೇಕಿ ಸೇಠ್ ಸೂಟು ಹಾಕಿಕೊಂಡೇ ಬಂದು ಮೂಲೆಯಲ್ಲಿ ನಿಂತರು. ಮೂರು ಪಿಸ್ಟನ್ ಸುಸೂತ್ರವಾಗಿ ಇಳಿದವು. ನಾಲ್ಕನೆಯದು ಅರ್ಧ ಇಳಿಯುವಷ್ಟರಲ್ಲಿ ಲೇಥಿನ ಉಳಿ ಸಣ್ಣಗೆ ನಡುಗಿತು. ಬೇರೆ ಯಾರಿಗೂ ತಿಳಿಯಲಿಲ್ಲ. ಯಾಕೂಬ ಮಶೀನು ನಿಲ್ಲಿಸಿದ. ಉಳಿ ಬಿಚ್ಚಿ, ಸಾಣೆ ಹಿಡಿದು, ಹೊರಗೆ ಹೋಗಿ ಮುಖ ತೊಳೆದು ಬಂದ. ಮತ್ತೆ ಶುರು ಮಾಡಿದಾಗ ಕೂದಲಿನಷ್ಟು ಕೂದಲಿನಷ್ಟೇ ಕೆತ್ತಿದ. ಮೂರಕ್ಕೆ ಹಿಡಿದಷ್ಟು ಹೊತ್ತು ಅದೊಂದಕ್ಕೇ ಹಿಡಿಯಿತು. ಕೊನೆಗೆ ನಾಲ್ಕನ್ನೂ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿ, ಒಳಮೈ ಉಜ್ಜಿ ಉಜ್ಜಿ ತೂಕ ಸಮ ಮಾಡಿದ.

ರೇಸಿನ ದಿನ ಆ ಫಿಯಟ್ ತನ್ನ ವರ್ಗದಲ್ಲಿ ಮೊದಲು ಬಂತು. ಎರಡನೆಯ ಕಾರು ಎರಡು ಕಾರಿನ ಉದ್ದದಷ್ಟು ಹಿಂದಿತ್ತು. ಸೇಠ್ ಕಪ್ಪನ್ನು ನೇರ ಯಾಕೂಬನ ಬಳಿಗೆ ತಂದು ಕೊಟ್ಟರು. ಅವನು ಅಂಗಿಗೆ ಕೈ ಒರೆಸಿಕೊಂಡು ಹಿಡಿದ, ಒಂದು ನಿಮಿಷದ ಮೇಲೆ ದೂಜಣ್ಣನವರ ಕೈಗೆ ದಾಟಿಸಿದ.

"ಇಂಜಿನ್ ಬಿಚ್ಚಿ ನೋಡಬೇಕು," ಎಂದ.

"ಗೆದ್ದ ಇಂಜಿನ್ ಯಾಕೆ ಬಿಚ್ಚುದು?" ಎಂದರು ದೂಜಣ್ಣ.

"ಗೆದ್ದದ್ದು ಮಂದಿ ನೋಡಿದ್ರು. ಒಳಗ ಏನಾಗೇತಿ ಅಂತ ನಾ ನೋಡಬೇಕು."

ಮಂಗಳವಾರ ಮುಚ್ಚಳ ಬಿಚ್ಚಿದಾಗ ದೌಲತಬಿಯೂ ದವಾಖಾನೆಗೆ ರಜೆ ಹಾಕಿ ಲೋಕಲ್ ರೈಲು ಹಿಡಿದು ಬಂದಿದ್ದಳು. ನಾಲ್ಕು ಪಿಸ್ಟನ್ನಿನ ತಲೆಯೂ ಒಂದೇ ಬಣ್ಣ, ಹಾಲು ಹೆಚ್ಚಿಗೆ ಹಾಕಿದ ಚಹಾದ ಬಣ್ಣ. ಎಲ್ಲೂ ಒಂದು ಚುಕ್ಕೆ ಇಲ್ಲ. ಯಾಕೂಬ ನಾಲ್ಕರ ಮೇಲೂ ಬೆರಳಾಡಿಸಿದ. ಅವನ ಎದೆ ಉಬ್ಬಿದ್ದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು ಎಂದು ದೂಜಣ್ಣ ಬಹಳ ವರ್ಷ ಹೇಳುತ್ತಿದ್ದರು.

ಸೇಠರ ಇಂಜಿನಿಯರ್ ಗೆಳೆಯನೂ ಬಂದಿದ್ದ. ಬಗ್ಗಿ ನೋಡಿ, ತಲೆಯ ದಪ್ಪ ಎಷ್ಟು ಉಳಿಸಿದೆ ಎಂದು ಹಿಂದಿಯಲ್ಲಿ ಕೇಳಿದ. ಆರು ಮಿಲಿಮೀಟರ್ ಎಂದ ಯಾಕೂಬ. ಆತ ಜೇಬಿನಿಂದ ಡೈರಿ ತೆಗೆದು ಬರೆದುಕೊಂಡ. ಲೆಕ್ಕ ಯಾರು ಮಾಡಿದರು ಎಂದು ಕೇಳಿದ.

ಯಾಕೂಬ ಹೆಂಡತಿಯ ಕಡೆ ಕೈ ತೋರಿಸಿದ. ದೌಲತಬಿ ಸೆರಗು ಸರಿಮಾಡಿಕೊಂಡಳೇ ಹೊರತು ಹಿಂದೆ ಸರಿಯಲಿಲ್ಲ. ಮೂವತ್ತೆರಡು, ನಲವತ್ತೆರಡು, ಹತ್ತು ಎಂದು ತನ್ನ ಅರ್ಧಂಬರ್ಧ ಹಿಂದಿಯಲ್ಲಿ ಒಂದೊಂದಾಗಿ ಹೇಳಿದಳು. ಇಂಜಿನಿಯರ್ ಅದನ್ನೂ ಬರೆದುಕೊಂಡ.